ಚಳಿನಾಡಿನ ಒಲೆಯೂ ಮನೆಯ ಸೂಪೂ

1328ರಲ್ಲಿ ಫ್ರಾನ್ಸಿನ ಅರಸನ ಅಧಿಕಾರಿಗಳು ತೆರಿಗೆಯ ಸಲುವಾಗಿ ರಾಜ್ಯದ ಲೆಕ್ಕ ತೆಗೆಯಲು ಹೊರಟಾಗ ತಲೆಗಳನ್ನು ಎಣಿಸಲಿಲ್ಲ, ಬೆಂಕಿಗಳನ್ನು ಎಣಿಸಿದರು. ಯಾವ ಧರ್ಮಕೇಂದ್ರದಲ್ಲಿ ಎಷ್ಟು ಬೆಂಕಿಗಳು ಉರಿಯುತ್ತಿವೆ ಎಂಬುದೇ ಅಂದಿನ ಪಟ್ಟಿ. ಇತಿಹಾಸಕಾರರು ಇಂದಿಗೂ ಅದನ್ನು ಧರ್ಮಕೇಂದ್ರಗಳ ಹಾಗೂ ಬೆಂಕಿಗಳ ಪಟ್ಟಿ ಎಂದೇ ಕರೆಯುತ್ತಾರೆ. ಒಂದು ಬೆಂಕಿ ಎಂದರೆ ಒಂದು ಕುಟುಂಬ. ಕನ್ನಡಿಗರಾದ ನಮಗೆ ಈ ಲೆಕ್ಕ ವಿಚಿತ್ರವೆನಿಸಬೇಕಾಗಿಲ್ಲ. ಅಣ್ಣತಮ್ಮಂದಿರು ಪಾಲಾದಾಗ ನಮ್ಮ ಹಳ್ಳಿಗಳಲ್ಲಿ ಹೊಲ ಬೇರೆಯಾಯಿತು ಎನ್ನುವುದಕ್ಕಿಂತ ಮೊದಲು ‘ಒಲೆ ಬೇರೆಯಾಯಿತು’ ಎನ್ನುತ್ತಾರೆ. ಯಾರು ಒಂದೇ ಒಲೆಯ ಅನ್ನ ಉಣ್ಣುತ್ತಾರೋ ಅವರೇ ಒಂದು ಮನೆಯವರು.

ಆದರೆ ಆ ನಾಡಿನ ಒಲೆಗೂ ನಮ್ಮ ಒಲೆಗೂ ಒಂದು ದೊಡ್ಡ ಅಂತರವಿದೆ. ನಮ್ಮ ಸೀಮೆಯಲ್ಲಿ ಬೆಂಕಿಯ ಕೆಲಸ ಅಡಿಗೆ ಮತ್ತು ಸ್ನಾನದ ನೀರು, ಅಷ್ಟೇ. ಬೆಳಗ್ಗೆ ಹೊತ್ತಿಸಿ, ಅಡಿಗೆ ಮುಗಿದೊಡನೆ ಸೌದೆಯನ್ನು ಹಿಂದಕ್ಕೆಳೆದು ನೀರು ಚಿಮುಕಿಸಿ ಆರಿಸುವುದು ಗೃಹಿಣಿಯ ಜಾಣತನ. ಯೂರೋಪಿನ ಉತ್ತರದ ನಾಡುಗಳಲ್ಲೂ ಆಲ್ಪ್ಸ್ ಪರ್ವತದ ಕಣಿವೆಗಳಲ್ಲೂ ನವೆಂಬರಿನಿಂದ ಮಾರ್ಚಿಯವರೆಗೆ ಬೆಂಕಿ ಆರಿತೆಂದರೆ ಮನೆಯ ಮುದುಕರು ಮಕ್ಕಳು ಸಾಯಬಹುದು. ಆದ್ದರಿಂದ ಅಲ್ಲಿ ಬೆಂಕಿ ಹಗಲೆಲ್ಲ ಉರಿಯಲೇಬೇಕು. ಹೇಗೂ ಉರಿಯುವ ಬೆಂಕಿಯ ಮೇಲೆ ಒಂದು ಪಾತ್ರೆಯನ್ನು ತೂಗುಹಾಕಿದರೆ ಹೆಚ್ಚಿನ ಸೌದೆಯ ಖರ್ಚಿಲ್ಲದೆ ಐದಾರು ತಾಸು ಸಣ್ಣಗೆ ಬೇಯುವ ಒಂದು ಅಡಿಗೆ ತಾನೇ ಸಿದ್ಧವಾಗುತ್ತದೆ. ಹೆಂಗಸು ನೂಲು ತೆಗೆಯಬಹುದು, ಕೊಟ್ಟಿಗೆಗೆ ಹೋಗಿ ಬರಬಹುದು, ಕೂಸಿಗೆ ಹಾಲೂಡಿಸಬಹುದು. ಮನೆಯಲ್ಲಿ ಮಾಡುವ ಸೂಪಿನ ಇತಿಹಾಸ ಇಲ್ಲಿಂದ ಆರಂಭವಾಗುತ್ತದೆ. ಅದು ಹಸಿವಿನ ಕೂಸು ಎಂಬುದು ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ ಅದು ಚಳಿಯ ಕೂಸು.

ಆ ಪಾತ್ರೆಯನ್ನು ತೂಗುಹಾಕುತ್ತಿದ್ದುದು ಹೊಗೆಗೂಡಿನೊಳಗಿಂದ ಇಳಿಬಿಟ್ಟ ಹಲ್ಲುಹಲ್ಲಾದ ಒಂದು ಕಬ್ಬಿಣದ ಕೊಕ್ಕೆಗೆ. ಒಂದು ಹಲ್ಲು ಕೆಳಗಿಳಿಸಿದರೆ ಉರಿ ಜೋರು, ಮೇಲೇರಿಸಿದರೆ ಮಂದ. ಫ್ರೆಂಚರು ಇದನ್ನು ‘ಕ್ರೆಮಯೇರ್’ ಎನ್ನುತ್ತಾರೆ. ಹೊಸ ಮನೆಗೆ ಬಂದವರು ನೆಂಟರಿಷ್ಟರನ್ನು ಕರೆದು ಊಟ ಹಾಕುವುದಕ್ಕೆ ಆ ಭಾಷೆಯಲ್ಲಿ ಇಂದಿಗೂ ‘ಕ್ರೆಮಯೇರ್ ತೂಗುಹಾಕುವುದು’ ಎಂಬ ಮಾತೇ ಇದೆ. ಗ್ಯಾಸು, ವಿದ್ಯುತ್ ಒಲೆ ಬಂದು ಎಷ್ಟೋ ಕಾಲವಾದರೂ ಮಾತು ಮಾತ್ರ ಹಳೆಯ ಹೊಗೆಗೂಡಿನಲ್ಲೇ ನೇತಾಡುತ್ತಿದೆ.

‘ಸೂಪು’ ಎಂಬ ಪದವೂ ಹೀಗೆಯೇ ಒಂದು ಹಳೆಯ ಸಂಗತಿಯನ್ನು ಬಚ್ಚಿಟ್ಟುಕೊಂಡಿದೆ. ಇಂದು ನಾವು ಸೂಪೆಂದರೆ ಬಟ್ಟಲಿನಲ್ಲಿರುವ ದ್ರವವೆಂದು ತಿಳಿಯುತ್ತೇವೆ. ಮಧ್ಯಯುಗದಲ್ಲಿ ಅದು ದ್ರವದ ಹೆಸರಾಗಿರಲಿಲ್ಲ, ಬಟ್ಟಲಿನ ತಳದಲ್ಲಿಟ್ಟ ರೊಟ್ಟಿಯ ತುಂಡಿನ ಹೆಸರಾಗಿತ್ತು. ಜರ್ಮಾನಿಕ್ ಭಾಷೆಗಳಿಂದ ಹಿಂದಿನ ಕಾಲದ ಲತೀನಿಗೆ ಬಂದ ‘ಸುಪ್ಪಾ’ ಎಂಬ ಮಾತಿಗೆ ರಸದಲ್ಲಿ ನೆನೆದ ರೊಟ್ಟಿ ಎಂದರ್ಥ. ಕುದಿಯುವ ರಸವನ್ನು ಆ ರೊಟ್ಟಿಯ ಮೇಲೆ ಸುರಿಯುತ್ತಿದ್ದರು. ಮಳೆಯಲ್ಲಿ ತೊಪ್ಪನೆ ತೊಯ್ದು ಬಂದವನನ್ನು ಕಂಡು ಫ್ರೆಂಚರು ‘ಸೂಪಿನಂತೆ ನೆನೆದಿದ್ದಾನೆ’ ಎನ್ನುವುದುಂಟು. ಸೂಪು ಎಂದರೆ ನೀರಾಗಿದ್ದರೆ ನೀರು ನೆನೆಯುವುದು ಹೇಗೆ? ರೊಟ್ಟಿ ಎಂದು ತಿಳಿದಾಗ ಮಾತು ಸರಿಹೋಗುತ್ತದೆ. ಸಂಜೆಯ ಊಟಕ್ಕೆ ಇಂಗ್ಲಿಷಿನಲ್ಲಿರುವ ‘ಸಪ್ಪರ್’ ಎಂಬ ಹೆಸರಿನ ಮೂಲವೂ ಇದೇ. ಪ್ರಭುವಿನ ಕಡೆಯ ಭೋಜನಕ್ಕೆ ಆಂಗ್ಲರು ಕೊಟ್ಟ ಹೆಸರಿನಲ್ಲಿ ಬಡರೈತನ ಸಂಜೆಯ ಬಟ್ಟಲು ಸೇರಿಕೊಂಡಿದೆ ಎಂದರೆ ತಪ್ಪಾಗಲಾರದು.

ರೊಟ್ಟಿಯನ್ನು ನೆನೆಸುವ ಅಗತ್ಯವೇನಿತ್ತು? ಅದು ಅಷ್ಟು ಗಟ್ಟಿಯಾಗಿತ್ತು. ದೊಡ್ಡ ಒಲೆಗೂಡನ್ನು ಕಾಯಿಸಲು ಬಂಡಿಗಟ್ಟಲೆ ಸೌದೆ ಬೇಕು, ಆದ್ದರಿಂದ ದಿನವೂ ರೊಟ್ಟಿ ಸುಡುವುದು ಹಳ್ಳಿಯವರ ಕೈಗೆಟಕುವ ಮಾತಾಗಿರಲಿಲ್ಲ. ಹಲವು ಮನೆಗಳಿಗೆ ಸೇರಿದ ಸಾಮುದಾಯಿಕ ಒಲೆಗೂಡನ್ನು ಕೆಲವು ವಾರಗಳಿಗೊಮ್ಮೆ ಹೊತ್ತಿಸುತ್ತಿದ್ದರು. ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತದಲ್ಲಿ ವರ್ಷಕ್ಕೆ ಎರಡು ಮೂರು ಸಲ. ಫ್ರೆಂಚ್ ಆಲ್ಪ್ಸಿನ ವಿಲಾರ್-ದಾರೇನ್ ಎಂಬ ಹಳ್ಳಿಯಲ್ಲಂತೂ ವರ್ಷಕ್ಕೊಮ್ಮೆ, ನವೆಂಬರಿನಲ್ಲಿ. ರೈ ಎಂಬ ಧಾನ್ಯದ ಆ ಕಪ್ಪು ರೊಟ್ಟಿಗಳನ್ನು ಅಟ್ಟದ ಮೇಲೆ ಜೋಡಿಸಿಟ್ಟು ವರ್ಷವಿಡೀ ತಿನ್ನುತ್ತಿದ್ದರು. ಅವುಗಳನ್ನು ಕತ್ತರಿಸಲು ಹಲಗೆಗೆ ಕೀಲು ಹಾಕಿ ಜೋಡಿಸಿದ ದೊಡ್ಡ ಚೂರಿಯೇ ಬೇಕಾಗುತ್ತಿತ್ತು. ಅಂಥ ರೊಟ್ಟಿ ಹಲ್ಲಿಲ್ಲದ ಅಜ್ಜಿಗೂ ಎರಡು ವರ್ಷದ ಮಗುವಿಗೂ ದಕ್ಕಬೇಕಾದರೆ ಬಿಸಿ ರಸವಲ್ಲದೆ ಬೇರೆ ದಾರಿಯಿಲ್ಲ. ಆದಿಕಾಂಡದ 25ನೆಯ ಅಧ್ಯಾಯದಲ್ಲಿ ಏಸಾವನು ತನ್ನ ಜ್ಯೇಷ್ಠತನದ ಹಕ್ಕನ್ನು ಮಾರಿಕೊಂಡದ್ದು ಬೇಳೆಯ ಸಾರಿಗೆ ಎಂದು ನಾವೆಲ್ಲ ಬಲ್ಲೆವು. ಯಕೋಬನು ಅದರೊಡನೆ ರೊಟ್ಟಿಯನ್ನೂ ಕೊಟ್ಟನೆಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಈ ಜೋಡಿ ಅಷ್ಟು ಹಳೆಯದು.

ಪಾತ್ರೆಯೊಳಗೆ ಏನಿರುತ್ತಿತ್ತು? ಎಲೆಕೋಸು, ಟರ್ನಿಪ್ ಗೆಡ್ಡೆ, ಈರುಳ್ಳಿ, ಲೀಕ್ ಎಂಬ ಉದ್ದನೆಯ ಈರುಳ್ಳಿಯ ಜಾತಿ, ಒಣಬಟಾಣಿ, ಒಣ ಅವರೆಯ ಜಾತಿಯ ಕಾಳುಗಳು. ಇವೆಲ್ಲ ಚಳಿಗಾಲವನ್ನು ತಾಳಿಕೊಳ್ಳುವ ಪದಾರ್ಥಗಳು. ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದ ಸುಮಾರಿಗೆ ಮೇವು ಮುಗಿಯುವುದರಿಂದ ಹಂದಿಯನ್ನು ಕಡಿದು ಉಪ್ಪಿನಲ್ಲಿ ಹಾಕಿಡುತ್ತಿದ್ದರು. ಅದರ ಒಂದು ಸಣ್ಣ ತುಂಡು ಇಡೀ ಪಾತ್ರೆಗೆ ರುಚಿ ಕೊಡುತ್ತಿತ್ತು. ಆಲೂಗೆಡ್ಡೆಯೂ ಇಂದು ನಾವು ಹುರುಳಿಕಾಯಿ ಎನ್ನುವ ಬೀನ್ಸಿನ ಕಾಳೂ ಅಮೆರಿಕದಿಂದ ಬಂದದ್ದು ಕೊಲಂಬಸನ ಕಾಲದ ನಂತರವೇ. ಫ್ರಾನ್ಸಿನ ಗ್ಯಾಸ್ಕನಿ ಸೀಮೆಯ ‘ಗಾರ್ಬ್ಯೂರ್’ ಎಂಬ ಎಲೆಕೋಸಿನ ಸೂಪು ಎಷ್ಟು ಮಂದವೆಂದರೆ ಅದರಲ್ಲಿ ಸೌಟು ನೆಟ್ಟಗೆ ನಿಲ್ಲಬೇಕಂತೆ. ಕೊನೆಯ ನಾಲ್ಕು ಗುಟುಕು ಉಳಿದಾಗ ಬಟ್ಟಲಿಗೆ ಸ್ವಲ್ಪ ದ್ರಾಕ್ಷಾರಸ ಬೆರೆಸಿ ಬಟ್ಟಲನ್ನೇ ಎತ್ತಿ ಕುಡಿಯುವುದು ಅಲ್ಲಿನ ಹಿರಿಯರ ಪದ್ಧತಿ. ಇಟಲಿಯ ಟಸ್ಕನಿಯಲ್ಲಿ ಕಪ್ಪು ಎಲೆಕೋಸು, ಬಿಳಿ ಕಾಳು, ತಂಗಳು ರೊಟ್ಟಿ ಸೇರಿಸಿ ಮಾಡಿದ್ದನ್ನು ಮರುದಿನ ಮತ್ತೆ ಕುದಿಸುತ್ತಾರೆ. ಅದರ ಹೆಸರೇ ‘ರಿಬೊಲ್ಲಿತಾ’, ಮರಳಿ ಕುದಿಸಿದ್ದು ಎಂದು.

ಧರ್ಮಸಭೆಯ ಪಂಚಾಂಗವೂ ಈ ಪಾತ್ರೆಯೊಳಗೆ ಕೈಯಾಡಿಸಿದೆ. ತಪಸ್ಸುಕಾಲ, ಶುಕ್ರವಾರಗಳು, ಹಬ್ಬಗಳ ಹಿಂದಿನ ದಿನಗಳು ಎಲ್ಲ ಸೇರಿ ಮಧ್ಯಯುಗದಲ್ಲಿ ವರ್ಷದ ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ಮಾಂಸವರ್ಜನೆಯ ದಿನಗಳಿದ್ದವು. ಅಂದು ಹಂದಿಯ ಕೊಬ್ಬಿಲ್ಲ. ಬಟಾಣಿ, ಈರುಳ್ಳಿ, ಎಣ್ಣೆ ಮಾತ್ರ. ಸ್ವೀಡನ್ನಿನವರು ಇಂದಿಗೂ ಗುರುವಾರ ಹಳದಿ ಬಟಾಣಿಯ ಸೂಪನ್ನು ಉಣ್ಣುತ್ತಾರೆ. ಶುಕ್ರವಾರದ ಉಪವಾಸಕ್ಕೆ ಮುನ್ನ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ ಕಥೋಲಿಕ ಕಾಲದ ವಾಡಿಕೆ ಇದೆಂದು ಅಲ್ಲಿ ಹೇಳುವುದುಂಟು. ಆ ದೇಶ ಲೂಥರನ ಮತವನ್ನು ಸ್ವೀಕರಿಸಿ ಶತಮಾನಗಳೇ ಕಳೆದವು, ಗುರುವಾರದ ಬಟಾಣಿ ಮಾತ್ರ ಮತಾಂತರಗೊಳ್ಳಲಿಲ್ಲ. ಸಂತ ಬೆನೆಡಿಕ್ಟರು ಆರನೆಯ ಶತಮಾನದಲ್ಲಿ ಬರೆದ ಮಠದ ನಿಯಮಾವಳಿಯಲ್ಲಿ ದಿನಕ್ಕೆ ಬೇಯಿಸಿದ ಎರಡು ಬಗೆಯ ಪದಾರ್ಥಗಳನ್ನು ಅನುಮತಿಸಿದ್ದಾರೆ, ಒಂದನ್ನು ಉಣ್ಣಲಾಗದವನು ಇನ್ನೊಂದನ್ನು ಉಣ್ಣಲಿ ಎಂಬ ಕನಿಕರದಿಂದ. ಅಡಿಗೆಮನೆಯ ಸೇವೆಯನ್ನು ಸಹೋದರರೆಲ್ಲ ವಾರವಾರ ಸರದಿಯ ಮೇಲೆ ಮಾಡಬೇಕೆಂದೂ ವಿಧಿಸಿದ್ದಾರೆ.

ಹಳೆಯದೆಲ್ಲ ಸುಂದರವಾಗಿತ್ತೆಂದು ಬಗೆಯುವುದು ಬೇಡ. ಬಹಳ ಕಡೆ ಗಂಡಸರು ಕುಳಿತು ಉಣ್ಣುತ್ತಿದ್ದರು, ಅಡಿಗೆ ಮಾಡಿದವಳು ನಿಂತು ಬಡಿಸಿ ಉಳಿದದ್ದನ್ನು ಉಣ್ಣುತ್ತಿದ್ದಳು. ಈ ಚಿತ್ರ ನಮಗೆ ಹೊರಗಿನದಲ್ಲ. ಬೆಳೆ ಕೆಟ್ಟ ವರ್ಷ ಪಾತ್ರೆಯಲ್ಲಿ ನೀರೂ ಬೇಲಿಯ ಸೊಪ್ಪೂ ಮಾತ್ರ. 1693-94ರ ಕ್ಷಾಮದಲ್ಲಿ ಫ್ರಾನ್ಸಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು. ನಾಲ್ಕನೆಯ ಹೆನ್ರಿ ಅರಸನು ತನ್ನ ರಾಜ್ಯದ ಪ್ರತಿಯೊಬ್ಬ ರೈತನ ಪಾತ್ರೆಯಲ್ಲೂ ಭಾನುವಾರ ಒಂದು ಕೋಳಿ ಬೇಯಬೇಕೆಂದು ಹಾರೈಸಿದನೆಂಬ ಕಥೆ ಪ್ರಸಿದ್ಧವಾಗಿದೆ. ಅದನ್ನು ಪ್ರಚಾರಕ್ಕೆ ತಂದದ್ದು ಅರಸನು ತೀರಿಕೊಂಡು ಅರ್ಧ ಶತಮಾನದ ಮೇಲೆ, 1661ರಲ್ಲಿ, ಅವನ ಮೊಮ್ಮಗನ ಗುರುವಾಗಿದ್ದ ಬಿಷಪ್ ಪೆರೆಫಿಕ್ಸ್ ಬರೆದ ಚರಿತ್ರೆ. ಅರಸನು ಹೇಳಿದನೋ ಇಲ್ಲವೋ, ಭಾನುವಾರದ ಕೋಳಿ ಒಂದು ಹಾರೈಕೆಯಾಗಿತ್ತು ಎಂಬುದರಿಂದಲೇ ವಾರದ ಉಳಿದ ದಿನಗಳ ಪಾತ್ರೆ ಹೇಗಿತ್ತೆಂದು ಊಹಿಸಬಹುದು.

ಈ ಪಾತ್ರೆ ಮನೆಯಿಂದ ಹೊರಗೆ ಬಂದ ಬಗೆಯೇ ಈ ಇತಿಹಾಸದ ಮುಖ್ಯ ಭಾಗ. ಮನೆಯ ಬೆಂಕಿ ಆರಿದಾಗ ಬೇರೆಯವರು ಸೂಪು ಕೊಡಬೇಕಾಗುತ್ತದೆ. ಹೇಗೆ ಕೊಡಬೇಕು?

1617ರ ಬೇಸಿಗೆಯಲ್ಲಿ ಫ್ರಾನ್ಸಿನ ಶಾತಿಯೋಂ ಎಂಬ ಊರಿಗೆ ಧರ್ಮಕೇಂದ್ರದ ಗುರುವಾಗಿ ಬಂದವರು ಸಂತ ವಿನ್ಸೆಂಟ್ ದೆ ಪಾಲ್. ಒಂದು ಭಾನುವಾರ ಬಲಿಪೂಜೆಗೆ ಸಿದ್ಧರಾಗುತ್ತಿದ್ದಾಗ, ಊರಾಚೆಯ ಮನೆಯೊಂದರಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ಒಬ್ಬರಿಗೊಬ್ಬರು ನೀರು ಕೊಡುವವರೂ ಇಲ್ಲ ಎಂಬ ಸುದ್ದಿ ಬಂತು. ಅವರು ಪ್ರಬೋಧನೆಯಲ್ಲಿ ಅದನ್ನೇ ಹೇಳಿದರು. ಮಧ್ಯಾಹ್ನ ತಾವೂ ಆ ಮನೆಯತ್ತ ನಡೆದಾಗ ದಾರಿಯುದ್ದಕ್ಕೂ ಊಟದ ಬುಟ್ಟಿ ಹೊತ್ತ ಹೆಂಗಸರು ಸಾಲುಗಟ್ಟಿದ್ದರಂತೆ. ಜನರ ಪ್ರೀತಿ ಕಂಡು ಅವರಿಗೆ ಸಂತೋಷವಾಯಿತು. ಅದರ ಜೊತೆಗೇ ಒಂದು ಯೋಚನೆಯೂ ಬಂತು. ಇಂದು ಬಂದ ಆಹಾರವೆಲ್ಲ ನಾಳೆಗೆ ಕೆಟ್ಟುಹೋಗುತ್ತದೆ; ನಾಳಿದ್ದು ಈ ಮನೆಯನ್ನು ಯಾರೂ ನೆನೆಯುವುದಿಲ್ಲ. ಕೆಲವೇ ದಿನಗಳಲ್ಲಿ ಊರಿನ ಹೆಂಗಸರ ಒಂದು ದಯಾಸಂಘವನ್ನು ಕಟ್ಟಿ, ಸರದಿಯ ಮೇಲೆ ಅಡಿಗೆ ಮಾಡುವ ಏರ್ಪಾಡು ಮಾಡಿದರು.

ಆ ವರ್ಷವೇ ಅವರು ಸಂಘಕ್ಕೆ ಬರೆದುಕೊಟ್ಟ ನಿಯಮಗಳು ಉಳಿದುಬಂದಿವೆ. ನನ್ನ ಮಟ್ಟಿಗೆ ದಾನದ ಬಗೆಗೆ ಬರೆದ ಎಷ್ಟೋ ದೊಡ್ಡ ಗ್ರಂಥಗಳಿಗಿಂತ ಈ ಕೆಲವು ಪುಟಗಳು ಹೆಚ್ಚು ಕಲಿಸುತ್ತವೆ. ಸರದಿಯವಳು ತನ್ನ ಮನೆಯಲ್ಲಿ ಅಡಿಗೆ ಮಾಡಿ ರೋಗಿಯ ಮನೆಗೆ ಕೊಂಡೊಯ್ಯಬೇಕು. ಹಸನ್ಮುಖದಿಂದ ಮಾತನಾಡಿಸಬೇಕು. ಹಾಸಿಗೆಯ ಮೇಲೆ ಹಲಗೆ ಇಟ್ಟು, ಅದರ ಮೇಲೆ ಬಟ್ಟೆ ಹಾಸಿ, ಚಮಚ ರೊಟ್ಟಿ ಇಟ್ಟು, ರೋಗಿಯ ಕೈ ತೊಳೆಸಿ, ಊಟದ ಪ್ರಾರ್ಥನೆ ಹೇಳಿ, ಆಮೇಲೆ ಸೂಪನ್ನು ಬಟ್ಟಲಿಗೆ ಬಡಿಸಬೇಕು. ಮಾಂಸವನ್ನು ಅವನಿಗಾಗಿ ತುಂಡುಮಾಡಿಕೊಡಬೇಕು. ಇನ್ನೊಂದು ನಿಯಮವಂತೂ ಬಹು ಸೂಕ್ಷ್ಮವಾದುದು. ಜೊತೆಗೆ ಯಾರಾದರೂ ಇರುವ ರೋಗಿಗಳಿಗೆ ಮೊದಲು ಬಡಿಸಿ, ಒಬ್ಬಂಟಿಗರ ಬಳಿಗೆ ಕೊನೆಗೆ ಹೋಗಬೇಕು, ಏಕೆಂದರೆ ಆಗ ಅವರ ಹತ್ತಿರ ಹೆಚ್ಚು ಹೊತ್ತು ಕುಳಿತಿರಬಹುದು. ಗಮನಿಸಿ, ರೋಗಿಯನ್ನು ಸೂಪಿನ ಹತ್ತಿರಕ್ಕೆ ಕರೆಸುವುದಿಲ್ಲ. ಸೂಪು ಅವನ ಮನೆಗೆ ಹೋಗುತ್ತದೆ, ಅಲ್ಲಿ ಊಟದ ಮೇಜಾಗುತ್ತದೆ. ನಮ್ಮ ಧರ್ಮಕೇಂದ್ರಗಳ ವಿನ್ಸೆಂಟ್ ದೆ ಪಾಲ್ ಸಭೆಯವರು ಮನೆಭೇಟಿಯನ್ನು ಮುಖ್ಯ ಕೆಲಸವೆಂದು ಇಟ್ಟುಕೊಂಡಿರುವುದರ ಬೇರು ಇಲ್ಲಿದೆ. 1652ರ ಅಂತರ್ಯುದ್ಧದಲ್ಲಿ ಪ್ಯಾರಿಸ್ ಹಸಿದಾಗ ಅದೇ ಸಂತರು ಸಾವಿರಾರು ಜನರಿಗೆ ದೊಡ್ಡ ಹಂಡೆಗಳಲ್ಲಿ ಸೂಪು ಮಾಡಿಸಿದರು. ಸಂಖ್ಯೆ ಅಷ್ಟು ಏರಿದಾಗ ಹಾಸಿಗೆಯ ಮೇಲೆ ಬಟ್ಟೆ ಹಾಸುವುದು ಸಾಧ್ಯವಿರಲಿಲ್ಲ. (ಸೂಪಿನ ಪಾತ್ರೆ ಭಾರ, ಆದರೆ ದಯೆಯ ಭಾರ ಅದಕ್ಕಿಂತ ಹೆಚ್ಚು ಎಂಬ ಅರ್ಥದ ಮಾತೊಂದನ್ನು ಸಂತರದೆಂದು ಹಲವರು ಹೇಳುತ್ತಾರೆ. ಅದು 1947ರಲ್ಲಿ ಬಂದ ‘ಮೊಸ್ಯೂ ವಿನ್ಸಾಂ’ ಎಂಬ ಫ್ರೆಂಚ್ ಚಲನಚಿತ್ರದ ಸಂಭಾಷಣೆ. ಬರೆದವರಲ್ಲಿ ನಾಟಕಕಾರ ಜಾನ್ ಅನುಯಿ ಒಬ್ಬರು.)

ಮುಂದಿನ ಶತಮಾನಕ್ಕೆ ಬಂದರೆ ಗಾಳಿ ಬದಲಾಗಿರುತ್ತದೆ. ಅಮೆರಿಕದಲ್ಲಿ ಹುಟ್ಟಿ ಬವೇರಿಯದ ಅರಸನ ಸೇವೆಗೆ ಸೇರಿದ ಬೆಂಜಮಿನ್ ಥಾಮ್ಸನ್, ಅಂದರೆ ಕೌಂಟ್ ರಮ್‌ಫರ್ಡ್, 1790ರ ಹೊಸ ವರ್ಷದ ದಿನ ಮ್ಯೂನಿಕ್ ನಗರದ ಭಿಕ್ಷುಕರನ್ನು ಹಿಡಿಸಿ ದುಡಿಮೆಯ ಮನೆಗೆ ಸೇರಿಸಿದರು. ಅವರಿಗೆ ಅತಿ ಕಡಿಮೆ ಖರ್ಚಿನಲ್ಲಿ ಊಟ ಹಾಕಲು ಬಾರ್ಲಿ, ಬಟಾಣಿ, ಆಲೂಗೆಡ್ಡೆ, ವಿನೆಗರ್, ಉಪ್ಪು, ತಂಗಳು ರೊಟ್ಟಿಯ ಸೂಪೊಂದನ್ನು ರೂಪಿಸಿದರು. ಜರ್ಮನ್ನರು ಇಂದಿಗೂ ಅದನ್ನು ರಮ್‌ಫರ್ಡ್ ಸೂಪು ಎನ್ನುತ್ತಾರೆ. ಅವರು ವಿಜ್ಞಾನಿ; ತೆರೆದ ಬೆಂಕಿ ಎಷ್ಟು ಸೌದೆಯನ್ನು ವ್ಯರ್ಥ ಮಾಡುತ್ತದೆಂದು ಅಳೆದು ಮುಚ್ಚಿದ ಒಲೆಯನ್ನು ಕಟ್ಟಿದರು, ಅದು ದೊಡ್ಡ ಉಪಕಾರ. ರೊಟ್ಟಿ ಗಟ್ಟಿಯಾಗಿದ್ದು ಅಗಿಯುವಂತಿದ್ದರೆ ಊಟದ ಸುಖ ಹೆಚ್ಚು ಹೊತ್ತು ಉಳಿಯುತ್ತದೆ ಎಂದು ಬರೆದದ್ದೂ ಅವರೇ. ಆದರೆ ಹೆಚ್ಚು ಹೊತ್ತು ಕುದಿಸಿದರೆ ನೀರೇ ಪುಷ್ಟಿಯಾಗುತ್ತದೆ ಎಂಬ ಅವರ ಸಿದ್ಧಾಂತ ಶುದ್ಧ ತಪ್ಪು. ಯೂರೋಪಿನ ಎಷ್ಟೋ ನಗರಗಳ ಬಡವರು ಆ ತಪ್ಪಿನ ನೀರನ್ನು ಕುಡಿದರು.

ಐರ್ಲೆಂಡಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅಲ್ಲಿನ ಬಡರೈತನ ಗುಡಿಸಲಿನಲ್ಲಿ ಜೌಗುನೆಲದ ಪೀಟ್ ಹೆಂಟೆಗಳ ಬೆಂಕಿ, ಅದರ ಮೇಲೆ ಮೂರು ಕಾಲಿನ ಕಬ್ಬಿಣದ ಪಾತ್ರೆ, ಪಾತ್ರೆಯ ತುಂಬ ಆಲೂಗೆಡ್ಡೆ. ಬೇರೆ ಊಟವಿರಲಿಲ್ಲ. 1845ರಲ್ಲಿ ಬಂದ ಅಂಗಮಾರಿ ರೋಗ ಮರುವರ್ಷ ಬೆಳೆಯನ್ನು ಬಹುಮಟ್ಟಿಗೆ ನೆಲದಲ್ಲೇ ಕೊಳೆಸಿತು. 1846ರ ಕೊನೆಯಲ್ಲಿ ಕ್ವೇಕರ್ ಪಂಥದವರು ಯಾವ ಷರತ್ತೂ ಇಲ್ಲದೆ ಸೂಪಿನ ಅಡಿಗೆಮನೆಗಳನ್ನು ತೆರೆದರು. 1847ರ ಫೆಬ್ರವರಿಯಲ್ಲಿ ಬ್ರಿಟಿಷ್ ಸಂಸತ್ತು ಕಾನೂನು ಮಾಡಿ ಸರಕಾರಿ ಸೂಪನ್ನು ಆರಂಭಿಸಿತು. ಆ ಜುಲೈನಲ್ಲಿ ದಿನಕ್ಕೆ 30 ಲಕ್ಷ ಜನ ಈ ಸೂಪಿನಿಂದ ಬದುಕುತ್ತಿದ್ದರು. ಇಡೀ ಕ್ಷಾಮದಲ್ಲಿ ಸರಕಾರ ಮಾಡಿದ ಕೆಲಸಗಳಲ್ಲಿ ಅತ್ಯಂತ ಫಲಕಾರಿಯಾದದ್ದು ಇದೇ ಎಂದು ಇತಿಹಾಸಕಾರರು ಒಪ್ಪುತ್ತಾರೆ. ಅದನ್ನು ಆ ಶರತ್ಕಾಲಕ್ಕೇ ನಿಲ್ಲಿಸಿಬಿಟ್ಟರು. 1841ರಲ್ಲಿ 80 ಲಕ್ಷ ದಾಟಿದ್ದ ಆ ದ್ವೀಪದ ಜನಸಂಖ್ಯೆ 1851ಕ್ಕೆ 65 ಲಕ್ಷದ ಆಸುಪಾಸಿಗೆ ಇಳಿದಿತ್ತು.

ಸೂಪು ಜೀವ ಉಳಿಸಿತು, ಆದರೂ ಐರಿಷ್ ಜನ ಅದನ್ನು ಕೃತಜ್ಞತೆಯಿಂದ ನೆನೆಯಲಿಲ್ಲ. ಏಕೆಂಬುದಕ್ಕೆ ಡಬ್ಲಿನ್ನಿನ ಒಂದು ಅಡಿಗೆಮನೆಯನ್ನು ನೋಡಬಹುದು. ಲಂಡನ್ನಿನ ರಿಫಾರ್ಮ್ ಕ್ಲಬ್ಬಿನ ಹೆಸರಾಂತ ಬಾಣಸಿಗ ಅಲೆಕ್ಸಿಸ್ ಸೋಯರ್ 1847ರ ಏಪ್ರಿಲಿನಲ್ಲಿ ಅಲ್ಲಿನ ಸೈನಿಕ ಬ್ಯಾರಕ್ಕಿನ ಮುಂದೆ ಮಾದರಿ ಅಡಿಗೆಮನೆಯೊಂದನ್ನು ತೆರೆದನು. ನೂರು ಮಂದಿ ಒಳಗೆ ಬರಬೇಕು, ಮೇಜಿನಲ್ಲಿ ಕೂರಿಸಿದ ಬಟ್ಟಲು, ಅದಕ್ಕೆ ಸರಪಳಿಯಿಂದ ಕಟ್ಟಿದ ಚಮಚ. ಕೆಲವು ನಿಮಿಷಗಳಲ್ಲಿ ಗಂಟೆ ಬಾರಿಸಿದರೆ ಎದ್ದು ಹೋಗಬೇಕು, ಮುಂದಿನ ನೂರು ಮಂದಿ ಬರಬೇಕು. ಉದ್ಘಾಟನೆಯ ದಿನ ಬಡವರು ಉಣ್ಣುವುದನ್ನು ನೋಡಲು ನಗರದ ಸಿರಿವಂತರು ಹಣ ಕೊಟ್ಟು ಬಂದಿದ್ದರು. ಸೋಯರನ ಉದ್ದೇಶ ಕೆಟ್ಟದ್ದಾಗಿರಲಿಲ್ಲ, ಅವನ ಲೆಕ್ಕಾಚಾರವೂ ಚುರುಕಾಗಿತ್ತು, ಸೂಪಿನ ಪುಷ್ಟಿ ಸಾಲದೆಂದು ಅಂದಿನ ವೈದ್ಯರು ಆಕ್ಷೇಪಿಸಿದರೆಂಬುದು ಬೇರೆ ಮಾತು. ಆದರೆ ಶಾತಿಯೋಂ ಊರಿನಲ್ಲಿ ಹಾಸಿಗೆಯ ಮೇಲೆ ಹಾಸಿದ ಬಟ್ಟೆಯನ್ನೂ ಇಲ್ಲಿ ಚಮಚಕ್ಕೆ ಹಾಕಿದ ಸರಪಳಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಿನ್ನೆಯವರೆಗೆ ಸ್ವಂತ ಬೆಂಕಿಯ ಮುಂದೆ ಕುಳಿತು ಉಂಡ ತಾಯಿ ಇಂದು ಮಕ್ಕಳ ಕೈಗೆ ತಗಡಿನ ಡಬ್ಬಿ ಕೊಟ್ಟು ಸಾಲಿನಲ್ಲಿ ನಿಲ್ಲಿಸಬೇಕಾಯಿತು.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಕೆಲವು ಪ್ರೊಟೆಸ್ಟಂಟ್ ಪ್ರಚಾರ ಸಂಘಗಳು ತಮ್ಮ ಶಾಲೆಗೆ, ತಮ್ಮ ಪ್ರಾರ್ಥನೆಗೆ ಬಂದವರಿಗೆ ಸೂಪು ಎಂಬ ಷರತ್ತು ಹಾಕಿದವು. ಹಾಗೆ ಹೋದ ಕಥೋಲಿಕರನ್ನು ಊರವರು ‘ಸೂಪು ತೆಗೆದುಕೊಂಡವರು’ ಎಂದು ಜರೆದರು. ಆ ಮಾತು ಮೊಮ್ಮಕ್ಕಳ ಕಾಲದವರೆಗೂ ಮನೆತನಗಳಿಗೆ ಅಂಟಿಕೊಂಡಿತು. ಇಲ್ಲಿ ನ್ಯಾಯವಾಗಿ ಎರಡು ಮಾತು ಹೇಳಬೇಕು. ಇಂಥ ಷರತ್ತಿನ ಸೂಪು ಜನರ ನೆನಪಿನಲ್ಲಿರುವಷ್ಟು ವ್ಯಾಪಕವಾಗಿರಲಿಲ್ಲ. ಹಸಿದವರ ನಡುವೆ ಓಡಾಡಿ ಜ್ವರ ತಗುಲಿ ಪ್ರಾಣ ಬಿಟ್ಟ ಪ್ರೊಟೆಸ್ಟಂಟ್ ಗುರುಗಳು ಹಲವರಿದ್ದರು, ನಮ್ಮ ಗುರುಗಳ ಹಾಗೆಯೇ. ಎರಡನೆಯದು, ಮಗುವಿನ ಹಸಿವಿಗಾಗಿ ಬಟ್ಟಲು ಹಿಡಿದ ತಾಯಿಯನ್ನು ಮೂರು ತಲೆಮಾರು ಹಂಗಿಸಿದ ಕಥೋಲಿಕರ ನಡತೆಯೂ ಶುಭಸಂದೇಶಕ್ಕೆ ಒಪ್ಪುವಂಥದಲ್ಲ.

ಹಸಿವಿನಿಂದಲ್ಲದೆ ಕೆಲಸದ ಒತ್ತಡದಿಂದಲೂ ಮನೆಯ ಬೆಂಕಿ ಆರಿತು. ಸ್ವಿಟ್ಜರ್ಲೆಂಡಿನಲ್ಲಿ 1877ರ ಕಾನೂನು ಕಾರ್ಖಾನೆಯ ದುಡಿಮೆಯನ್ನು ದಿನಕ್ಕೆ 11 ತಾಸಿಗೆ ಮಿತಿಗೊಳಿಸಿತು. ಮಿತಿಯೇ 11 ತಾಸು! ಹೆಂಗಸರೂ ಕಾರ್ಖಾನೆಗೆ ಹೋದಮೇಲೆ ಐದು ತಾಸು ಪಾತ್ರೆ ಕಾಯುವವರು ಯಾರು? ಕಾರ್ಖಾನೆಗಳ ತನಿಖಾಧಿಕಾರಿಯಾಗಿದ್ದ ವೈದ್ಯ ಫ್ರಿಡೊಲಿನ್ ಶೂಲರ್ ದುಡಿಯುವ ಕುಟುಂಬಗಳ ಪೌಷ್ಟಿಕತೆಯ ಕೊರತೆಯ ಬಗ್ಗೆ ಎಚ್ಚರಿಸಿದರು. ಬೇಳೆಕಾಳುಗಳಲ್ಲಿ ಪರಿಹಾರವಿದೆ, ಆದರೆ ಅವು ಬೇಗ ಬೇಯುವುದಿಲ್ಲ. ಹಿಟ್ಟಿನ ಗಿರಣಿಯ ಮಾಲೀಕ ಯೂಲಿಯುಸ್ ಮ್ಯಾಗಿ ಕಾಳುಗಳನ್ನು ಹುರಿದು ಪುಡಿಮಾಡಿ ಬೇಗ ಬೇಯುವಂತೆ ಮಾಡಿ, 1886ರಲ್ಲಿ ಬಟಾಣಿಯ ಸಿದ್ಧ ಸೂಪಿನ ಪುಡಿಯನ್ನು ಮಾರಾಟಕ್ಕೆ ತಂದನು. ನಮ್ಮ ಮಕ್ಕಳಿಗೆ ಮ್ಯಾಗಿ ಎಂದರೆ ನೂಡಲ್ಸ್. ಹೆಸರಿನ ಹಿಂದಿರುವುದು ಕಾರ್ಖಾನೆಯಿಂದ ದಣಿದು ಬಂದ ತಾಯಿಯ ತಣ್ಣನೆಯ ಒಲೆ. 1897ರಲ್ಲಿ ಅಮೆರಿಕದ ಕ್ಯಾಂಪ್‌ಬೆಲ್ ಕಂಪನಿಯ ರಸಾಯನಶಾಸ್ತ್ರಜ್ಞ ಜಾನ್ ಡೊರೆನ್ಸ್ ಸೂಪಿನ ನೀರನ್ನು ಇಂಗಿಸಿ ಸಣ್ಣ ಡಬ್ಬಿಗೆ ತುಂಬಿದನು. ಪ್ಯಾಕೆಟ್ಟಿನ ಸೂಪನ್ನು ಹೀಗಳೆಯಲು ನನಗೆ ಮನಸ್ಸು ಬರುವುದಿಲ್ಲ. ಅದು ಸೋಮಾರಿಗಳಿಗಾಗಿ ಹುಟ್ಟಿದ್ದಲ್ಲ.

ಇಷ್ಟೆಲ್ಲ ಆದರೂ ಮನೆಯ ಸೂಪು ಅಳಿಯಲಿಲ್ಲ. ಪೋಲೆಂಡಿನ ಕಥೋಲಿಕ ಮನೆಗಳಲ್ಲಿ ಕ್ರಿಸ್ತಜಯಂತಿಯ ಹಿಂದಿನ ರಾತ್ರಿಯ ಊಟಕ್ಕೆ ಸಿದ್ಧತೆ ಡಿಸೆಂಬರ್ ನಡುವಿನಲ್ಲೇ ತೊಡಗುತ್ತದೆ. ಬೀಟ್ರೂಟನ್ನು ಹೆಚ್ಚಿ ಬೆಳ್ಳುಳ್ಳಿ, ಉಪ್ಪುನೀರಿನೊಡನೆ ಜಾಡಿಯಲ್ಲಿ ಹಾಕಿ ಐದಾರು ದಿನ ಹುಳಿಯಾಗಲು ಬಿಡುತ್ತಾರೆ. ಆ ಕೆಂಪು ಹುಳಿರಸದಿಂದ ತಿಳಿಯಾದ ‘ಬಾರ್ಶ್ಚ್’ ಸೂಪು ಮಾಡಿ, ಒಣ ಅಣಬೆ ತುಂಬಿದ ಪುಟ್ಟ ಕಡುಬುಗಳನ್ನು ತೇಲಿಬಿಡುತ್ತಾರೆ. ಅಂದು ಮಾಂಸವಿಲ್ಲ. ಆಕಾಶದಲ್ಲಿ ಮೊದಲ ನಕ್ಷತ್ರ ಕಂಡಮೇಲೆ, ಪರಮಪ್ರಸಾದದ ರೊಟ್ಟಿಯನ್ನು ಹೋಲುವ ‘ಒಪ್ಲಾಟೆಕ್’ ಎಂಬ ತೆಳು ರೊಟ್ಟಿಯನ್ನು ಮನೆಯವರೆಲ್ಲ ಮುರಿದು ಹಂಚಿಕೊಂಡು ಊಟಕ್ಕೆ ಕೂರುತ್ತಾರೆ. ಬರಬಹುದಾದ ಅತಿಥಿಗಾಗಿ ಒಂದು ತಟ್ಟೆ ಹೆಚ್ಚಾಗಿ ಇಟ್ಟಿರುತ್ತಾರೆ. ನೆರೆಯ ಉಕ್ರೇನಿನಲ್ಲಿ ಇದೇ ಬೀಟ್ರೂಟಿನ ಸೂಪು ‘ಬೋರ್ಶ್ಚ್’. 2022ರ ಫೆಬ್ರವರಿಯಲ್ಲಿ ರಷ್ಯದ ಸೇನೆ ಆ ದೇಶಕ್ಕೆ ನುಗ್ಗಿದ ಮೇಲೆ ಲಕ್ಷಗಟ್ಟಲೆ ಕುಟುಂಬಗಳು ಮನೆ ಬಿಟ್ಟು ಹೊರಟವು. ಆ ವರ್ಷ ಜುಲೈ 1ರಂದು ಯುನೆಸ್ಕೊ ಸಂಸ್ಥೆ ಉಕ್ರೇನಿನ ಬೋರ್ಶ್ಚ್ ಮಾಡುವ ಪರಂಪರೆಯನ್ನು ತುರ್ತಾಗಿ ರಕ್ಷಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಬೆಳೆಯುವ ಹಿತ್ತಲಿಲ್ಲ, ಬೇಯಿಸುವ ಮನೆಯಿಲ್ಲ, ಒಟ್ಟಿಗೆ ಕೂರುವ ಜನರೇ ಚದುರಿಹೋಗಿದ್ದಾರೆ ಎಂಬುದು ಅದಕ್ಕೆ ಕಾರಣ.

ನಮ್ಮ ನಾಡಿಗೂ ಈ ಕಥೆಗೂ ಒಂದು ನೇರ ನಂಟಿದೆ. ಆಂಗ್ಲರ ‘ಮುಲ್ಲಿಗಟಾನಿ’ ಸೂಪು ಮೂಲತಃ ತಮಿಳಿನ ‘ಮಿಳಗು ತಣ್ಣೀರ್’, ಅಂದರೆ ಮೆಣಸಿನ ಸಾರು. ಊಟದ ಮೊದಲಿಗೆ ಸೂಪು ಬೇಕೆಂದ ಮದರಾಸಿನ ದೊರೆಗಳಿಗೆ ಇಲ್ಲಿನ ಅಡಿಗೆಯವರು ತಮಗೆ ಗೊತ್ತಿದ್ದ ಸಾರಿಗೇ ಮಾಂಸ ಸೇರಿಸಿ ಕೊಟ್ಟರು. ಕೋಲಾರದ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಅದು ‘ಪೆಪ್ಪರ್ ವಾಟರ್’ ಎಂಬ ಹೆಸರಿನಲ್ಲಿ ಮತ್ತೆ ಅನ್ನದ ಜೊತೆಗೇ ಸೇರಿಕೊಂಡಿತು. ನಮ್ಮಲ್ಲಿಯೂ ಹುರುಳಿ ಬೇಯಿಸಿದ ಕಟ್ಟಿನ ಸಾರು, ಮಾರ್ಗಶಿರದ ಚಳಿಯಲ್ಲಿ ಸೊಗಡಿನ ಅವರೆಕಾಳಿನ ಸಾರು, ಬಾಣಂತಿಗೂ ಕಾಯಿಲೆಯಿಂದ ಎದ್ದವರಿಗೂ ಕಾಲು ಸೂಪು ಇವೆಯಲ್ಲ.

ಈ ಡಿಸೆಂಬರಿನಲ್ಲಿ ಮನೆಯವರೆಲ್ಲ ಸೇರುವ ಒಂದು ಸಂಜೆ ಇಂಥ ಪಾತ್ರೆಯನ್ನು ಇಡಬಯಸುವವರಿಗೆ ಕೆಲವು ಮಾತು. ಐದಾರು ಜನಕ್ಕೆ ಅರ್ಧ ಕಿಲೋ ಆಡಿನ ಮೂಳೆ ಸಾಕು. ಅದನ್ನು ತಣ್ಣೀರಿನಲ್ಲೇ ಹಾಕಿ ನಿಧಾನವಾಗಿ ಕಾಯಿಸಬೇಕು. ಮೇಲೆ ಬಂದ ನೊರೆಯನ್ನು ಸೌಟಿನಿಂದ ತೆಗೆದು, ಕೊತಕೊತ ಕುದಿಸದೆ ಸಣ್ಣ ಉರಿಯಲ್ಲಿ ಎರಡು ಮೂರು ತಾಸು ಬಿಟ್ಟರೆ ರಸ ತಿಳಿಯಾಗಿರುತ್ತದೆ. ಮೂಳೆಯ ಸಂದಿನ ನಾರುಗಳು ಕರಗಿ ರಸಕ್ಕೆ ಮೈ ಬರುವುದಕ್ಕೆ ಇಷ್ಟು ಹೊತ್ತು ಬೇಕು. ಅವಸರವಿದ್ದರೆ ಕುಕ್ಕರ್ ಇದೆ. ಅದರ ಮೂಲಪುರುಷ ಡೆನಿ ಪಾಪೆಂ ಎಂಬ ಫ್ರೆಂಚನು 1679ರಲ್ಲಿ ಆವಿಯ ಪಾತ್ರೆಯನ್ನು ತೋರಿಸಿದ್ದು ಮೂಳೆಗಳನ್ನು ಮೆತ್ತಗೆ ಮಾಡಿ ಬಡವರಿಗೆ ಸೂಪು ದೊರಕಿಸುವ ಆಸೆಯಿಂದಲೇ. ಮಾಂಸ ಬೇಡದವರು ರಾತ್ರಿ ನೆನೆಸಿದ ಒಣಬಟಾಣಿ ಇಲ್ಲವೇ ಅವರೆಕಾಳನ್ನು ಈರುಳ್ಳಿ, ಕ್ಯಾರೆಟ್, ಒಂದು ಆಲೂಗೆಡ್ಡೆಯೊಡನೆ ಬೇಯಿಸಲಿ. ಆಲೂಗೆಡ್ಡೆ ಕರಗಿ ಸೂಪು ಮಂದವಾಗುತ್ತದೆ. ಟೊಮೇಟೊ ಅಥವಾ ಹುಣಿಸೆಯನ್ನು ಕಾಳು ಪೂರ್ತಿ ಬೆಂದ ಮೇಲೆಯೇ ಹಾಕಬೇಕು. ಹುಳಿ ಮೊದಲೇ ಬಿದ್ದರೆ ಕಾಳು ಬೇಗ ಮೆತ್ತಗಾಗುವುದಿಲ್ಲ. ಬಟ್ಟಲಿನ ತಳಕ್ಕೆ ನಿನ್ನೆಯ ಬ್ರೆಡ್ಡಿನ ಒಂದು ಹೋಳು ಇಟ್ಟು ಅದರ ಮೇಲೆ ಬಡಿಸಿದರೆ ಹಳೆಯ ಅರ್ಥದ ಸೂಪಾಗುತ್ತದೆ. ಪಾತ್ರೆಯನ್ನು ಅಡಿಗೆಮನೆಯಲ್ಲಿ ಬಿಡದೆ ಎಲ್ಲರ ನಡುವೆ ತಂದಿಡಿ, ಅಡಿಗೆ ಮಾಡಿದವರೂ ಆಗಲೇ ಕುಳಿತುಕೊಳ್ಳಲಿ. ಒಂದೆರಡು ಸೌಟು ಉಳಿಯುವಷ್ಟು ಹೆಚ್ಚಾಗಿಯೇ ಮಾಡಬಹುದು. ಟಸ್ಕನಿಯವರನ್ನು ಕೇಳಿದರೆ ಮರುದಿನ ಮರಳಿ ಕುದಿಸಿದ್ದೇ ಹೆಚ್ಚು ರುಚಿ ಎನ್ನುತ್ತಾರೆ.